ಅರಸಿನ ಬಟ್ಟೆಯ ಆನೆ ಕಾಸು

ಮನೆಯಲ್ಲಿ ಹಳೆಯ ನಾಣ್ಯಗಳು ಉಂಟು ಎಂದು ನಾಲ್ಕು ಜನರಿಗೆ ಗೊತ್ತಾದರೆ ಸಾಕು, ಮತ್ತೆ ನೆಮ್ಮದಿಗೆ ಎಳ್ಳುನೀರು ಬಿಟ್ಟಂತೆಯೇ. ನನ್ನ ಮಾವ ಬಿಟ್ಟುಹೋದ ನಾಣ್ಯದ ಡಬ್ಬಿ ಉದ್ಯಾವರದ ನಮ್ಮ ಮನೆಗೆ ಬಂದಂದಿನಿಂದ ನಾನು ನಗೆಪಾಟಲಾಗುವುದು ನಿಂತಿಲ್ಲ. ಬೇರೆಯವರ ಮನೆಯಲ್ಲಾಗಿದ್ದರೆ ನಾನೂ ಹೊಟ್ಟೆ ಹಿಡಿದು ನಗುತ್ತಿದ್ದೆ. ನಮ್ಮದೇ ಆದ ಕಾರಣ ನಗುವಾಗ ಹೊಟ್ಟೆ ಸ್ವಲ್ಪ ಉರಿಯುತ್ತದೆ.

ಅಳಿಯನ ಪಾಲು

ಮಾವ ಎಂದರೆ ಅಮ್ಮನ ಅಣ್ಣ, ಕಾಪುವಿನವರು. ಪ್ರಾಯದಲ್ಲಿ ಮುಂಬೈಗೆ ಹೋಗಿ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತವರು ತಲೆ ಹಣ್ಣಾಗುವವರೆಗೆ ಏಳಲಿಲ್ಲ. ಗಿರಾಕಿ ಕೊಟ್ಟ ಚಿಲ್ಲರೆಯಲ್ಲಿ ಹಳೆಯ ನಾಣ್ಯವೊಂದು ಕಂಡರೆ, ತನ್ನ ಕಿಸೆಯ ದುಡ್ಡನ್ನು ಗಲ್ಲಾಕ್ಕೆ ಹಾಕಿ ಅದನ್ನು ಎತ್ತಿಟ್ಟುಕೊಳ್ಳುವುದು ಅವರ ಚಾಳಿ. ಊರಿಗೆ ಬಂದು ನೆಲೆಸಿದ ಮೇಲೆ ನಾನು ಹೋದಾಗಲೆಲ್ಲ ಡಬ್ಬಿ ತೆರೆದು ಕೂರುತ್ತಿದ್ದರು.

"ಬಾ ಮಾರಾಯ, ಇದರ ಕತೆ ಕೇಳು."

"ಈಗ ಪುರುಸೊತ್ತಿಲ್ಲ ಮಾವ, ಕಾಲೇಜಿನಲ್ಲಿ ಅಡ್ಮಿಷನ್ ಸಮಯ" ಎನ್ನುತ್ತಿದ್ದೆ. ಮಣಿಪಾಲದ ಕಾಲೇಜಿನ ಕಚೇರಿಯಲ್ಲಿ ನನ್ನ ಕೆಲಸ. ಮಾವ ಕರೆದಾಗಲೆಲ್ಲ ಅಡ್ಮಿಷನ್ ಸಮಯವೇ ಆಗಿರುತ್ತಿತ್ತು. ಪಾಪ, ಅವರು ಡಬ್ಬಿ ಮುಚ್ಚಿ ಕಾಫಿಗೆ ಹೇಳುತ್ತಿದ್ದರು.

ಮಾವ ತೀರಿಕೊಂಡರು. ಉತ್ತರಕ್ರಿಯೆಯೆಲ್ಲ ಮುಗಿದ ಮೇಲೆ ಅವರ ಮಗ ನನ್ನನ್ನು ಚಾವಡಿಗೆ ಕರೆದ. "ನಮ್ಮದು ಅಳಿಯಸಂತಾನದ ಕಟ್ಟು ಅಲ್ವಾ? ಹಿಂದಿನ ಕಾಲದಲ್ಲಾದರೆ ಮಾವನ ಸೊತ್ತೆಲ್ಲ ಅಳಿಯನಿಗೇ. ಈಗ ಕಾನೂನು ಬದಲಾಗಿದೆ, ಏನು ಮಾಡುವುದು? ಆದರೂ ಹಿರಿಯರ ಕಟ್ಟು ಬಿಡಬಾರದು" ಎಂದು ಡಬ್ಬಿಯನ್ನು ನನ್ನ ಕೈಗಿಟ್ಟ.

ಹಾಗೆ ಮನೆ ಮತ್ತು ಗದ್ದೆ ಕಾನೂನಿನ ಪ್ರಕಾರ ಅವನಿಗೆ ಹೋಯಿತು, ಡಬ್ಬಿ ಸಂಪ್ರದಾಯದ ಪ್ರಕಾರ ನನಗೆ ಬಂತು.

ಮೂಗು ಉದ್ದ

ಡಬ್ಬಿಯ ತಳದಲ್ಲಿ ಅರಸಿನ ಹಚ್ಚಿದ ಬಟ್ಟೆಯ ಸಣ್ಣ ಗಂಟೊಂದಿತ್ತು, ಅದನ್ನು ಆಮೇಲೆ ನೋಡಿದರಾಯಿತು ಎಂದು ಬಿಟ್ಟೆ. ಉಳಿದಂತೆ ಒಂದೊಂದು ನಾಣ್ಯಕ್ಕೆ ಒಂದೊಂದು ಕಾಗದದ ಕವರ್. ಕವರಿನ ಮೇಲೆ ಮಾವನ ದುಂಡು ಅಕ್ಷರದಲ್ಲಿ ವಿವರ. ಯಾವ ರಾಜ, ಯಾವ ವರ್ಷ, ಯಾವ ಟಂಕಸಾಲೆ ಎಂದೆಲ್ಲ ಇರಬಹುದು ಎಂದುಕೊಂಡು ನಾನು ಕನ್ನಡಕ ಹಾಕಿ ಕೂತೆ.

ಒಂದರ ಮೇಲೆ: "ಕಿಟಕಿ ಮೇಜಿನವ ಕೊಟ್ಟದ್ದು. ಮೂಗು ಉದ್ದ."

ಇನ್ನೊಂದರ ಮೇಲೆ: "ಇಡ್ಲಿ ತಿಂದ. ಸಾಂಬಾರು ಕೇಳಿ ಕೇಳಿ ಹಾಕಿಸಿಕೊಂಡ."

ಮತ್ತೊಂದು: "ಗಂಡ ಹೆಂಡತಿ ಬಂದಿದ್ದರು. ಕೊಟ್ಟದ್ದು ಹೆಂಡತಿ."

ತೂತಿನ ಕಾಸೊಂದರ ಕವರಿನಲ್ಲಿ: "ಇದು ವಿಶೇಷ. ಬಾಯಲ್ಲೇ ಹೇಳಬೇಕು."

ನಗು ತಡೆಯಲಾಗಲಿಲ್ಲ. ಆಮೇಲೆ ಆ ತೂತಿನ ಕಾಸನ್ನು ತಿರುಗಿಸಿ ತಿರುಗಿಸಿ ನೋಡಿದೆ. ಇನ್ನು ಯಾವ ಬಾಯಲ್ಲಿ ಕೇಳುವುದು? ತಡೆಯಲಾರದೆ ಮಾವನ ಹೆಂಡತಿಗೆ, ಅಂದರೆ ನನ್ನ ಅತ್ತೆಗೆ, ಫೋನು ಮಾಡಿದೆ.

"ಅತ್ತೆ, ಈ ತೂತಿನ ಕಾಸಿನ ಕತೆ ಎಂತದು?"

"ನನಗೆಂತ ಗೊತ್ತು ಮಗಾ? ನಿನ್ನ ಮಾವ ಯಾವ ಮಾತನ್ನು ಪೂರ್ತಿ ಹೇಳಿದ್ದಾರೆ? ಮೀನು ತರ್ತೇನೆ ಅಂತ ಹೊರಡುತ್ತಿದ್ದರು. ಇವತ್ತಾ, ನಾಳೆಯಾ ಅಂತ ಹೇಳಿದವರೇ ಅಲ್ಲ."

ದೀಪಾವಳಿಯ ಹೊಳಪು

ಆ ಕವರುಗಳನ್ನೇ ಹಿಡಿದುಕೊಂಡು ನಾನು ನಾಣ್ಯದ ಪುಸ್ತಕಗಳನ್ನು ಓದಲು ಶುರುಮಾಡಿದೆ. ಹುಚ್ಚು ನಿಧಾನಕ್ಕೆ ಹಿಡಿಯಿತು. ಕಚೇರಿಯಲ್ಲಿ ಕೂತಿದ್ದರೂ ಮನಸ್ಸೆಲ್ಲ ಡಬ್ಬಿಯ ಮೇಲೆ.

ದೀಪಾವಳಿಗೆ ಮುಂಚೆ ಒಂದು ಸಂಜೆ ಮನೆಗೆ ಬಂದರೆ, ಜಗಲಿಯ ಮೇಲೆ ಒಲೆಯ ಬೂದಿ, ಹುಣಸೆಹುಳಿ, ತೆಂಗಿನ ನಾರು. ಪಕ್ಕದಲ್ಲಿ ಕಾಲುದೀಪ, ಆರತಿ ತಟ್ಟೆ, ತಂಬಿಗೆ. ಅವುಗಳ ನಡುವೆ ಮೈ ಒರೆಸುವ ಒಂದು ಬೈರಾಸಿನ ಮೇಲೆ ಮಾವನ ನಾಣ್ಯಗಳು ಫಳಫಳ ಹೊಳೆಯುತ್ತಿದ್ದವು.

"ನೋಡು!" ಎಂದರು ಅಮ್ಮ. "ಅಣ್ಣನ ಸೊತ್ತು ಕರಿಹಿಡಿದು ಹೋಗಿತ್ತು. ಹೇಗೆ ಬಂತು?"

ಹಳೆಯ ನಾಣ್ಯದ ಮರ್ಯಾದೆ ಇರುವುದೇ ಆ ಕರಿಯಲ್ಲಿ, ಅದನ್ನು ತಿಕ್ಕಿದರೆ ನಾಣ್ಯದ ಕತೆ ಮುಗಿಯಿತು ಎಂದು ಹಿಂದಿನ ವಾರವಷ್ಟೇ ಓದಿದ್ದೆ.

"ಕವರುಗಳು ಎಲ್ಲಿ ಅಮ್ಮಾ?"

"ಅಲ್ಲಿ ಉಂಟು, ಜೋಡಿಸಿ ಇಟ್ಟಿದ್ದೇನೆ. ಯಾವುದನ್ನು ಯಾವುದಕ್ಕೆ ಹಾಕಿದರೂ ಹಿಡಿಯುತ್ತದೆ, ಎಲ್ಲ ಒಂದೇ ಅಳತೆ."

ಉದ್ದ ಮೂಗಿನವ ಕೊಟ್ಟದ್ದು ಯಾವುದು, ಸಾಂಬಾರಿನವ ಕೊಟ್ಟದ್ದು ಯಾವುದು, ಇನ್ನು ಆ ದೇವರೇ ಹೇಳಬೇಕು. ಅಳು ಬಂದಿತ್ತು ನನಗೆ. ಅಮ್ಮ ನನ್ನ ಮುಖ ನೋಡಿ ತುಳುವಿನಲ್ಲಿ ಎರಡು ಮಾತು ಬೈದರು. ಅದನ್ನು ಕನ್ನಡಕ್ಕೆ ತಂದರೆ ಖಾರ ಅರ್ಧ ಇಳಿದುಹೋಗುತ್ತದೆ, ಬಿಡಿ.

"ಒಂದನ್ನು ಮಾತ್ರ ನಾನು ಮುಟ್ಟಲಿಲ್ಲ" ಎಂದರು ಕೊನೆಗೆ. "ಆ ಅರಸಿನ ಬಟ್ಟೆಯ ಗಂಟು. ಅಣ್ಣ ಕಟ್ಟಿದ ಗಂಟು ಬಿಚ್ಚಲಿಕ್ಕೆ ಮನಸ್ಸು ಬರಲಿಲ್ಲ. ನೀನೇ ಬಿಚ್ಚಿ ಕೊಡು, ಹುಳಿ ಇನ್ನೂ ಉಳಿದಿದೆ."

ಗಂಜಿ ಊಟ

ಕಾರ್ಕಳದಲ್ಲಿ ನಾಣ್ಯ ಬಲ್ಲ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರನ್ನು ಮನೆಗೆ ಕರೆದೆ. ಹೊಳೆಯುವ ನಾಣ್ಯಗಳನ್ನು ನೋಡಿದ ಕೂಡಲೇ, ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ ಕೇಳಿದರು: "ಯಾವಾಗ ಆಯಿತು?"

"ದೀಪಾವಳಿಗೆ" ಎಂದೆ.

ಮತ್ತೆ ಅರಸಿನ ಬಟ್ಟೆಯ ಗಂಟು ಬಿಚ್ಚಿದೆವು. ಒಳಗೆ ತಾಮ್ರದ ಆನೆ ಕಾಸು. ಕಡುಕಂದು ಬಣ್ಣ, ಆನೆಯ ಬಾಲ ಕೂಡ ಸವೆದಿಲ್ಲ. ಮೇಷ್ಟ್ರು ಭೂತಗನ್ನಡಿ ಹಿಡಿದು ಉಸಿರಾಡುವುದನ್ನೇ ಮರೆತರು. "ಇದೊಂದೇ ಉಳಿದದ್ದು ನಿಮಗೆ. ಇಂಥದ್ದು ನಾನು ಇನ್ನೊಂದು ನೋಡಿಲ್ಲ. ತೇವ ತಾಗದಂತೆ ಇಡಿ. ಸಮುದ್ರದ ಗಾಳಿ ತಾಮ್ರವನ್ನು ತಿಂದುಹಾಕುತ್ತದೆ."

ಅಡುಗೆಮನೆಯಿಂದಲೇ ಅಮ್ಮ ಹೇಳಿದರು: "ತೇವದ ಚಿಂತೆ ಬೇಡ. ತೊಳೆದ ನಾಣ್ಯಗಳನ್ನು ನಾನು ಆಗಲೇ ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟು ಒಣಗಿಸಿದ್ದೆ. ಮೊಬೈಲು ನೀರಿಗೆ ಬಿದ್ದಾಗ ನೀನೂ ಹಾಗೇ ಮಾಡಿದ್ದಿ ಅಲ್ವಾ? ಬನ್ನಿ ಮೇಷ್ಟ್ರೇ, ಊಟಕ್ಕೆ."

ಬಿಸಿ ಗಂಜಿ, ತೆಂಗಿನಕಾಯಿ ಚಟ್ನಿ, ಮಿಡಿ ಉಪ್ಪಿನಕಾಯಿ. ಎರಡನೆಯ ತುತ್ತಿಗೆ ಮೇಷ್ಟ್ರ ಬಾಯಲ್ಲಿ ಕಟಕ್ ಎಂದಿತು. ನಾನು ಗಾಬರಿಯಾಗಿ ಎದ್ದೆ. ಅವರು ಬಾಯಿಂದ ಅದನ್ನು ತೆಗೆದು ಲೋಟದ ನೀರಿನಲ್ಲಿ ಅದ್ದಿ ಬೆಳಕಿಗೆ ಹಿಡಿದರು. ತೂತಿನ ಕಾಸು!

ಹಲ್ಲು ನೋಯುತ್ತದೆಯೋ ಎಂದು ಕೇಳಿದೆ. ಮೇಷ್ಟ್ರು ತಲೆಯಾಡಿಸಿ, "ಹಲ್ಲು ಹೋಗಲಿ ಮಾರಾಯರೇ. ತಿಕ್ಕಿದ ನಾಣ್ಯ ನೋಡಿದ್ದೇನೆ, ಬೇಯಿಸಿದ್ದನ್ನು ಇವತ್ತೇ ನೋಡಿದ್ದು" ಎಂದರು.

ಪುರಾತನ ವಿಧಾನ

ಕಾರ್ಕಳದಲ್ಲಿ ಮೇಷ್ಟ್ರು ಒಂದು ನಾಣ್ಯ ಪ್ರದರ್ಶನ ಇಟ್ಟರು. ಆನೆ ಕಾಸಿಗೆ ನಡುವಿನ ಗಾಜಿನ ಪೆಟ್ಟಿಗೆಯಲ್ಲೇ ಜಾಗ. ಉಳಿದವುಗಳ ಮಾನ ಹೋದರೂ ಇದೊಂದಾದರೂ ಮಾವನ ಹೆಸರು ಉಳಿಸಲಿ ಎಂದು ನನಗೆ ಆಸೆ. ಅರಸಿನ ಬಟ್ಟೆಯನ್ನೂ ಪಕ್ಕದಲ್ಲೇ ಹಾಸಿ, ಮೇಷ್ಟ್ರೂ ನಾನೂ ತಲೆಗೆ ತಲೆ ಕೊಟ್ಟು ವಿವರ ಬರೆದೆವು: "ಅರಸಿನ ಸವರಿದ ಬಟ್ಟೆಯಲ್ಲಿ ಸುತ್ತಿ, ಕ್ರಿಮಿ ಮತ್ತು ತೇವದಿಂದ ನಾಣ್ಯವನ್ನು ಸಂರಕ್ಷಿಸುವ ಕರಾವಳಿಯ ಪುರಾತನ ವಿಧಾನ." ಕಾಲೇಜು ಮಕ್ಕಳು ಅದರ ಫೋಟೊ ತೆಗೆದುಕೊಂಡು ಹೋದರು. ನನಗೆ ಕೋಡು ಮೂಡಿತ್ತು.

ಅಮ್ಮನ ಜೊತೆ ಅತ್ತೆಯೂ ನೋಡಲು ಬಂದರು. ಅತ್ತೆ ವಿವರವನ್ನು ಜೋರಾಗಿ ಓದಿದರು. ಮತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ನಗು ನಿಲ್ಲುವುದೇ ಇಲ್ಲ.

"ಪುರಾತನವೂ ಇಲ್ಲ, ಎಂತ ಮಣ್ಣೂ ಇಲ್ಲ! ಇದು ನಿನ್ನ ಹೆಸರಿನಲ್ಲಿ ಕಟ್ಟಿಟ್ಟ ಹರಕೆ!"

"ಹರಕೆಯಾ?"

"ಹೌದು ಮಗಾ. ಅಳಿಯನಿಗೆ ಈ ನಾಣ್ಯಗಳ ರುಚಿ ಹತ್ತಲಿ, ಹತ್ತಿದರೆ ಇದನ್ನು ಮನೆದೇವರಿಗೆ ಹಾಕ್ತೇನೆ ಅಂತ. ದೇವರಿಗೆ ಕೊಡುವುದು ಒಳ್ಳೆಯದೇ ಆಗಬೇಕು ಅಂತ ಡಬ್ಬಿಯಲ್ಲಿ ಹುಡುಕಿ ಹುಡುಕಿ ತೆಗೆದದ್ದು."

ಅರಸಿನ ಬಟ್ಟೆಯಲ್ಲಿ ಕಟ್ಟಿದ ದುಡ್ಡು ಹರಕೆಯದ್ದು ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಪುಸ್ತಕ ಓದಿ ಓದಿ ನಮ್ಮಿಬ್ಬರಿಗೆ ಮರೆತಿತ್ತು, ತಿಕ್ಕುವ ಭರದಲ್ಲಿ ಅಮ್ಮನಿಗೆ. ಮೇಷ್ಟ್ರು ಗಾಜಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, "ಅಮ್ಮಾ, ಇದರ ಬದಲು ಬೇರೆ ಬೆಳ್ಳಿ ನಾಣ್ಯ ಹಾಕಿದರೆ ಆಗದಾ?" ಎಂದು ಗೋಗರೆದರು.

"ದೇವರ ಹತ್ತಿರ ಚೌಕಾಸಿ ಮಾಡ್ತೀರಾ?" ಎಂದರು ಅತ್ತೆ. ಅಮ್ಮನೂ ಅತ್ತೆಯ ಕಡೆಗೇ. ಇನ್ನು ಮಾತುಂಟಾ?

ಮುಂದಿನ ಸಂಕ್ರಮಣಕ್ಕೆ ಪೆರ್ಡೂರು ದಾಟಿ ಒಳಗಿರುವ ನಮ್ಮ ಮನೆದೇವರ ಗುಡಿಗೆ ಹೋದೆವು. ಅಂತಿಮ ದರ್ಶನಕ್ಕೆ ಎಂದು ಮೇಷ್ಟ್ರೂ ಬಂದಿದ್ದರು. ಕಾಣಿಕೆ ಡಬ್ಬಿಯ ಬಾಯಿಗೆ ಹಿಡಿದ ಕಾಸನ್ನು ಬಿಡಲು ನನ್ನ ಬೆರಳು ಕೇಳಲೇ ಇಲ್ಲ. ಅತ್ತೆ ಮೊಣಕೈಗೆ ತಿವಿದರು. ಆನೆ ಒಳಗೆ ಬಿತ್ತು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ನನಗೆ ದುಃಖ ಉಮ್ಮಳಿಸಿ ಬಂತು. ಹೋದ ಕಾಸಿಗಾಗಿ ಅಲ್ಲ.

"ಅತ್ತೆ, ದೇವರು ಇದನ್ನು ನಡೆಸಿಕೊಡುವುದಾದರೆ ಇಷ್ಟು ತಡ ಯಾಕೆ ಮಾಡಿದ? ಈಗ ರುಚಿ ಹತ್ತಿ ಎಂತ ಪ್ರಯೋಜನ? ಕತೆ ಹೇಳುವವರೇ ಇಲ್ಲ."

ಅತ್ತೆ ಪ್ರಸಾದದ ಹೂವನ್ನು ಮಡಿಲಲ್ಲಿಟ್ಟು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು.

"ದೇವರನ್ನು ದೂರಬೇಡ ಮಗಾ. ಹರಕೆ ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅಳಿಯನಿಗೆ ರುಚಿ ಹತ್ತಲಿ ಅಂತ ಹೇಳಿದರು. 'ನಾನು ಇರುವಾಗಲೇ' ಅಂತ ಸೇರಿಸಲಿಕ್ಕೆ ಮರೆತರು. ನಿನ್ನ ಮಾವ ಯಾವ ಮಾತನ್ನು ಪೂರ್ತಿ ಹೇಳಿದ್ದಾರೆ?"