ಸೋರದ ಟಾಕಿ

ಬೇಳೆ ಬೇಯದ ಊರಿಗೆ ವರ್ಗವಾದವನ ಸಂಸಾರದಲ್ಲಿ ನೆಮ್ಮದಿ ಇರುವುದಿಲ್ಲ ಎಂಬುದು ನನ್ನ ಅನುಭವ. ಎಪ್ಪತ್ತರ ದಶಕದಲ್ಲಿ ಓವರ್‌ಸಿಯರ್ ಆಗಿ, ಬಸವನ ಬಾಗೇವಾಡಿಯ ಆಚೆಯ ಹಳ್ಳಿಯೊಂದರಲ್ಲಿ ಮನೆ ಮಾಡಿದ್ದೆ. ಬಾವಿಯ ನೀರು ಸವಳು. ಅದರಲ್ಲಿ ತೊಗರಿಬೇಳೆಯನ್ನು ಬೆಳಗ್ಗೆ ಒಲೆಗಿಟ್ಟರೆ ಮಧ್ಯಾಹ್ನಕ್ಕೂ ಕಲ್ಲಿನಂತೆಯೇ ಇರುತ್ತಿತ್ತು. ಬೇಯದ ಬೇಳೆಯ ಸಿಟ್ಟನ್ನು ನನ್ನ ಹೆಂಡತಿ ಸರ್ಕಾರದ ಮೇಲೆ ತೋರಿಸುತ್ತಿದ್ದಳು. ನಮ್ಮ ಮನೆಯಲ್ಲಿ ಸರ್ಕಾರ ಎಂದರೆ ನಾನೇ.

ನಾನು ಅಲ್ಲಿಗೆ ಬಂದದ್ದೇ ಕುಡಿಯುವ ನೀರಿನ ಟಾಕಿ ಕಟ್ಟಿಸಲು. ಟಾಕಿಗೆ ಹಣ ಮಂಜೂರಾಗಿತ್ತು. ಪೈಪಿಗೆ ಆಗಿರಲಿಲ್ಲ, ಅದು ಬೇರೆ ಅನುದಾನ, ಬೇರೆ ಟೆಂಡರು, ಬೇರೆ ಸಾಹೇಬರು. ಇದರಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ. ಹೆಂಡತಿಗೆ ಕಂಡಿತು. "ಎತ್ತು ಇಲ್ದವ್ರು ಮೇವಿನ ಗ್ವಾದಲಿ ಕಟ್ಟಿದಂಗಾತಲ್ರಿ" ಎಂದಳು.

ಟಾಕಿ ಮುಗಿದ ಮೇಲೆ ಅದನ್ನು ತುಂಬಿಸಿ, ಸೋರುತ್ತದೆಯೇ ಎಂದು ನೋಡಬೇಕೆಂಬುದು ನಿಯಮ. ಸೋರದಿದ್ದರೆ ಖಾಲಿ ಮಾಡಿ ಗುತ್ತಿಗೆದಾರನ ಬಿಲ್ಲಿಗೆ ಸಹಿ. ಸೋರಿದರೆ ಅವನ ಖರ್ಚಿನಲ್ಲೇ ದುರಸ್ತಿ ಮಾಡಿ, ಮತ್ತೆ ತುಂಬಿಸುವುದು. ಸವಳು ನೀರು ಹೊಸ ಕಾಂಕ್ರೀಟಿಗೆ ಆಗದೆಂದು ಅವನು ದೂರದ ತೋಟದ ಬಾವಿಯಿಂದ ಟ್ಯಾಂಕರಿನಲ್ಲಿ ಸಿಹಿನೀರು ತರಿಸಿದ. ಟಾಕಿ ಸೋರಲಿಲ್ಲ. ಖಾಲಿ ಮಾಡುವ ದಿನ ಊರಿಗೆ ಊರೇ ಕೊಡ ಹಿಡಿದು ಬಂತು. ಸಾಲಿನ ಮುಂದೆ ನನ್ನ ಹೆಂಡತಿ. ಅಂದು ನಮ್ಮ ಬೇಳೆ ಬೆಣ್ಣೆಯಂತೆ ಬೆಂದಿತು. ನಾನು ಕೇಳದೆಯೇ ಅವಳು ಎರಡನೇ ಸಲ ಬಡಿಸಿ ನಕ್ಕಳು. ನನಗೆ ಬಹಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಕೊಡ ಬರಿದಾಗುವವರೆಗೆ ಆ ನಗು ಇತ್ತು.

"ಸೋರತೈತಿ ಅಂತ ಬರದಬಿಡ್ರಿ. ಮತ್ತೊಮ್ಮೆ ತುಂಬಸ್ತಾನ" ಎಂದಳು.

"ಸೋರಲಾರದ್ದನ್ನ ಸೋರತೈತಿ ಅಂತ ಹೆಂಗ ಬರೀಲಿ?"

"ಸೋರೂದನ್ನ ಸೋರಂಗಿಲ್ಲ ಅಂತ ಬರಿಯಾವ್ರು ನಿಮ್ಮ ಪೈಕಿ ಯಾರೂ ಇಲ್ಲೇನ್ರಿ?"

ಬಿಲ್ಲಿಗೆ ಇನ್ನೂ ಸಹಿ ಹಾಕಿರಲಿಲ್ಲ. ಮರುದಿನ ಟಾಕಿಯ ಸುತ್ತ ತಿರುಗಿದೆ. ಒಂದು ಬಿರುಕಾದರೂ ಸಿಗಲಪ್ಪ ಎಂದು ದೇವರನ್ನು ನೆನೆಯುತ್ತ ಗೋಡೆ ಸವರಿದೆ. ಹಿಂದೆಯೇ ಗುತ್ತಿಗೆದಾರ ನಿಂತಿದ್ದ.

"ಕೂದಲೆಳಿಯಷ್ಟೂ ಬಿರಕ ಸಿಗಂಗಿಲ್ರಿ ಸಾಹೇಬ್ರ. ಸಿಮಿಟ ಕಡಿಮಿ ಆತು ಅಂತ ನೀವು ಎರಡ ಸಲ ಗ್ವಾಡಿ ಒಡಿಸಿದ್ರಿ. ಅವತ್ತ ನಿಮಗ ಮನಸಿನ್ಯಾಗ ಬೈದಿದ್ದೆ. ಇವತ್ತ ಕೈ ಮುಗೀತೇನಿ" ಎಂದ.

ಅವತ್ತು ಅವನು ಬೈದದ್ದೇ ಸರಿ ಎನ್ನಿಸಿತು. ಸಹಿ ಹಾಕಿ ಮನೆಗೆ ಬಂದು ಊಟಕ್ಕೆ ಕುಳಿತೆ. ಹೆಂಡತಿ ಮತ್ತೆ ಬಾವಿಯ ನೀರಿನಲ್ಲಿಟ್ಟ ಬೇಳೆಯನ್ನೇ ಬಡಿಸಿದಳು. ನಾನು ಅಗಿದೆ. ನನ್ನ ಟಾಕಿಯಷ್ಟು ಗಟ್ಟಿಯಾದದ್ದು ಆ ಊರಿನಲ್ಲಿ ಇನ್ನೊಂದೇ ಇತ್ತು. ಅದು ನನ್ನ ತಟ್ಟೆಯಲ್ಲಿತ್ತು.