ನಿಂತವನ ಸಮನ್ಸು

ಎಕ್ವಾರುವಿಗೆ ದೊಡ್ಡ ದೊಡ್ಡ ಬುದ್ಧಿಯೆಲ್ಲ ಹೊಳೆಯುತ್ತಿದ್ದದ್ದು ಹುಣಸೆ ಮರದ ನೆರಳಲ್ಲಿ, ತನ್ನ ಬೆತ್ತದ ಕುರ್ಚಿಯ ಮೇಲೆ ಕೂತಾಗ. ಕುಮಿ ಪೇಟೆಯಿಂದ ಕೋರ್ಟಿನ ಜವಾನ ಸೈಕಲ್ ತುಳಿದು ಬಂದ ದಿನವೂ ಒಂದು ಹೊಳೆಯಿತು.

ಆ ಮರ ತನ್ನ ಗಡಿಯೊಳಗಿದೆ ಎಂದು ಪಕ್ಕದ ಹೊಲದ ಓಜಾಕೊಲ್ ಎಂಬವನು ಎಕ್ವಾರು, ಅವನ ಹೆಂಡತಿ ಇಬ್ಬರ ಮೇಲೂ ದಾವೆ ಹೂಡಿದ್ದ. ಜವಾನನ ಕೈಯಲ್ಲಿ ಎರಡು ಸಮನ್ಸು. ಎಕ್ವಾರು ಅವನಿಗೆ ಕೂರು ಅನ್ನಲಿಲ್ಲ.

"ನಮ್ಮಪ್ಪ ಹೇಳ್ತಿದ್ದ," ಎಂದ ಹೆಂಡತಿ ಅಮುಗೆಯ ಕಡೆ ತಿರುಗಿ. "ಕೂರಿಸಿ, ಕುಡಿಸಿದ ಮೇಲೇನೇ ಬಂದವನ ಮಾತು ಮಾತು. ನಿಂತವನ ಮಾತು ಬಂದ ಹಾಗೇ ಅಲ್ಲ. ಇವನು ನಿಂತೇ ಹೋಗ್ಲಿ, ಸಮನ್ಸೂ ಬಂದ ಹಾಗಲ್ಲ!"

ಜವಾನ ಎಕ್ವಾರುವಿನ ಪಾಲಿನ ಕಾಗದವನ್ನು ಅವನ ಕಾಲ ಬಳಿ ಇಟ್ಟ. ಮೇಕೆ ಬಂದು ಅದನ್ನು ತಿಂದಿತು.

"ನೋಡಿದ್ಯಾ? ತಲುಪಿದ್ದು ಮೇಕೆಗೆ. ಉತ್ತರಾನೂ ಅದೇ ಕೊಡ್ಲಿ."

ಅಮುಗೆ ವಾದಿಸಲಿಲ್ಲ. (ಮೂವತ್ತೆರಡು ವರ್ಷ ಸಂಸಾರ ಮಾಡಿದವಳು, ಉಸಿರನ್ನು ಎಲ್ಲಿ ಉಳಿಸಬೇಕೆಂದು ತಿಳಿದಿತ್ತು.) ಜವಾನನನ್ನು ಅಡುಗೆ ಗುಡಿಸಲಿನ ಹಿಂದೆ ಕರೆದು, ಮಣೆ ಹಾಕಿ, ಬಿಸಿನೀರು ಹೊಯ್ದ ರಾಗಿ ಹೆಂಡ ಕೊಟ್ಟು, ತನ್ನ ಕಾಗದ ತೆಗೆದುಕೊಂಡು ಹೆಬ್ಬೆಟ್ಟು ಒತ್ತಿದಳು.

"ಗಡುವು ಎಷ್ಟು ದಿನ, ತಮ್ಮಾ?"

"ಹದಿನೈದು, ಅಮ್ಮಾ. ತಪ್ಪಿದ್ರೆ ನಿಮ್ಮ ಮಾತು ಕೇಳದೇನೇ ತೀರ್ಪಾಗ್ಬಿಡುತ್ತೆ."

ಅಮುಗೆಗೆ ಓದು ಬಾರದು. ಹದಿನೈದು ಕಡಲೆಕಾಯಿ ಎಣಿಸಿ ಸೋರೆ ಬುರುಡೆಗೆ ಹಾಕಿದಳು. ಬೆಳಿಗ್ಗೆಗೊಂದು ತಿನ್ನುವುದು, ಸಂಜೆಗೊಮ್ಮೆ ಗಂಡನಿಗೆ ನೆನಪಿಸುವುದು.

"ಒಂಬತ್ತು ಉಳಿದಿದೆ ರೀ. ಬನ್ನಿ, ಪೇಟೆಗೆ ಹೋಗಿ ಉತ್ತರ ಬರೆಸೋಣ."

"ಮೇಕೇನ ಕರ್ಕೊಂಡು ಹೋಗು."

ನಾಲ್ಕು ಉಳಿದಾಗ ಅವಳೊಬ್ಬಳೇ ಹೋದಳು. ಅರ್ಜಿ ಬರೆಯುವವನ ಮುಂದೆ ಕೂತು, ಹಿರಿಮಗಳು ಹುಟ್ಟಿದ ವರ್ಷ ಅತ್ತೆ ಸಸಿ ನೆಟ್ಟದ್ದು, ಮರದಿಂದ ಗಡಿಕಲ್ಲಿಗೆ ಇಪ್ಪತ್ತೊಂದು ಹೆಜ್ಜೆ ಇರುವುದು, ಒಂದೂ ಬಿಡದೆ ಹೇಳಿದಳು.

"ಯಜಮಾನರದ್ದೂ ಸೇರಿಸಿ ಬರೀಲಾ?"

"ಅವರ ಹೆಬ್ಬೆಟ್ಟು ಅವರ ಕೈಯಲ್ಲೇ ಇದೆಯಲ್ಲಪ್ಪಾ."

ಬುರುಡೆ ಖಾಲಿಯಾಯಿತು. ಕೆಲವು ವಾರಕ್ಕೆ ಎಕ್ವಾರುವಿನ ಮೇಲೆ ಆದೇಶ ಬಂತು: ಉತ್ತರ ಕೊಡದ ಈ ಪ್ರತಿವಾದಿ ಮರದ ನೆರಳಿಗೆ ಕಾಲಿಡಕೂಡದು. ಜವಾನ ಮರದ ಸುತ್ತ ಬೂದಿಯ ಗೆರೆ ಎಳೆದ. ಕುರ್ಚಿ ಗೆರೆಯೊಳಗೇ ಉಳಿಯಿತು.

ಅಮುಗೆಯ ಪಾಲಿನ ವಿಚಾರಣೆ ಮಾತ್ರ ನಡೆಯಿತು. ಅಳತೆಯವರು ಹಗ್ಗ ಹಿಡಿದು ಬಂದರು. ಅವಳ ಇಪ್ಪತ್ತೊಂದು ಹೆಜ್ಜೆ ಒಂದು ಬೆರಳೂ ತಪ್ಪಲಿಲ್ಲ. ಅವಳು ಗೆದ್ದಳು. ಗೆರೆಯಾಚೆ ನಿಂತಿದ್ದ ಎಕ್ವಾರುವಿನ ಬಾಯಿಂದ "ಭಲೇ!" ಎಂಬ ಮಾತು ಅವನನ್ನು ಕೇಳದೆಯೇ ಹೊರಬಿತ್ತು.

ಮಾರನೆಯ ದಿನ ಅವನು ಕೋರ್ಟಿಗೆ ಓಡಿದ.

"ನಿಮ್ಮ ಮೇಲಿನ ಆದೇಶ ರದ್ದಾಗಬೇಕಾದ್ರೆ ಬೇರೆ ಅರ್ಜಿ ಹಾಕ್ಬೇಕು, ಅಜ್ಜಾ," ಎಂದ ಗುಮಾಸ್ತ. "ಗಡುವು ತಪ್ಪಿಸಿದ್ದಕ್ಕೆ ಸರಿಯಾದ ಕಾರಣ ಹೇಳಿ."

"ಕುರ್ಚಿ ಕೊಟ್ಟಿರಲಿಲ್ಲ."

"ನಿಮಗಾ?"

"ಅಲ್ಲಪ್ಪಾ, ನಿಮ್ಮ ಜವಾನನಿಗೆ."

ಗುಮಾಸ್ತ ಲೇಖನಿ ಕೆಳಗಿಟ್ಟ. "ಬೇರೆ ಕಾರಣ ಹುಡುಕ್ಕೊಂಡು ಬನ್ನಿ."

ಅವನು ಊರಿಗೆ ಮರಳುವಾಗ ನಡುಮಧ್ಯಾಹ್ನ. ನೆರಳಲ್ಲಿ ಹೆಂಡದ ಮಡಕೆ. ಸುತ್ತ ನೆರೆಹೊರೆಯವರು ಮಾರುದ್ದದ ಕೊಳವೆಗಳನ್ನು ಇಳಿಬಿಟ್ಟು ಹೀರುತ್ತಿದ್ದರು. ಮನೆಯ ಮಣೆಗಳೆಲ್ಲ ಅಲ್ಲೇ. ಸೋತವನನ್ನು ಬಿಸಿಲಲ್ಲಿ ನಿಲ್ಲಿಸುವುದು ಮರಕ್ಕೆ ಶೋಭೆಯಲ್ಲವೆಂದು ಅಮುಗೆ ಓಜಾಕೊಲ್‌ನನ್ನೂ ಕರೆದು ಬೆತ್ತದ ಕುರ್ಚಿಯಲ್ಲೇ ಕೂರಿಸಿದ್ದಳು. ಮೇಕೆ ಅವನ ಕಾಲ ಬಳಿ ಮೆಲುಕು ಹಾಕುತ್ತಿತ್ತು.

"ಲೇ ಅಮುಗೆ!" ಗೆರೆಯಾಚೆಯಿಂದ ಎಕ್ವಾರು ಕೂಗಿದ. "ನಂದೇ ತಪ್ಪು ಮಾರಾಯ್ತಿ! ಒಂದು ಕೊಳವೆ ಈ ಕಡೆ ಚಾಚೇ!"

ಅಮುಗೆ ಕಿವಿಗೆ ಕೈ ಹಿಡಿದಳು. "ಯಾರೋ ಏನೋ ಅಂದ ಹಾಗಾಯ್ತಲ್ಲ?"

"ನಿಮ್ಮ ಯಜಮಾನ್ರು ಕಣಮ್ಮಾ," ಎಂದ ಓಜಾಕೊಲ್.

"ಕೂತಿದಾರಾ, ನಿಂತಿದಾರಾ?"

"ನಿಂತಿದಾರೆ."

"ಹಾಗಾದ್ರೆ ಮಾತು ಬಂದ ಹಾಗಲ್ಲ ಬಿಡಿ," ಎಂದು ಅಮುಗೆ ಮಡಕೆಗೆ ಇನ್ನಷ್ಟು ಬಿಸಿನೀರು ಹೊಯ್ದಳು.