ಮಾವನವರ ಹೆಸರಿನ ಬೆಟ್ಟ

ಚಂದ್ರನ ಮೈಮೇಲಿನ ಹಳ್ಳದಿಣ್ಣೆಗಳನ್ನೆಲ್ಲ ಗುರುತಿಸಿ, ಹೆಸರು ಬರೆದು, ಗ್ರಂಥಾಲಯದ ವಸ್ತುಪ್ರದರ್ಶನದಲ್ಲಿ ಪಟ ನೇತುಹಾಕದಿದ್ದರೆ ಅಂಗಡಿಯ ಬಾಗಿಲನ್ನೇ ಮುಚ್ಚುವುದಾಗಿ ಕನ್ನಡಕದಂಗಡಿ ಯಜಮಾನರು ಊಟದ ಮೇಜು ಕುಟ್ಟಿ ಶಪಥ ಮಾಡಿದರು. ನೀರಿನ ಲೋಟ ಉರುಳಿತು. ಹೆಂಡತಿ ಒರೆಸುವ ಬಟ್ಟೆ ತಂದರು.

ಈ ಭೀಷಣ ಶಪಥದ ಹಿಂದೆ ಇದ್ದವರು ಮಾವನವರು. ನಲವತ್ತು ವರ್ಷ ಸರಪಳಿ ಎಳೆದು ಭೂಮಿ ಅಳೆದು ನಿವೃತ್ತರಾದ ಸರ್ವೇಯರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅಳಿಯನ ಬೆನ್ನು ಒಮ್ಮೆ ತಟ್ಟಿದವರಲ್ಲ. ಅವರ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ ‘ಪರವಾಗಿಲ್ಲ’; ಅದೂ ಅಳಿಯನಿಗಲ್ಲ, ಅಳಿಯ ಕೊಡಿಸಿದ ಛತ್ರಿಗೆ! ಒಂದೇ ಒಂದು ಶಹಬ್ಬಾಸ್‌ಗಾಗಿ ಯಜಮಾನರ ಜೀವ ಬಾಯಿಬಾಯಿ ಬಿಡುತ್ತಿತ್ತು.

ದೂರದರ್ಶಕ ಅವರ ಸ್ವಂತ ಕೈಕೆಲಸ. ಎಂಟು ತಿಂಗಳು ಗಾಜು ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಸವೆದಿದ್ದವು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮಹಡಿಯ ಮೇಲೆ ಅದನ್ನು ನಿಲ್ಲಿಸಿ, ಅದರ ಕಣ್ಣಿಗೆ ಮಗಳ ಮೊಬೈಲು ಕಟ್ಟಿ, ನೆತ್ತಿಯ ಮೇಲಿದ್ದ ಅರ್ಧಚಂದ್ರನ ಫೋಟೋ ತೆಗೆದರು. ಫೋಟೋ ಅದ್ಭುತವಾಗಿ ಬಂತು. ಆದರೆ ದೂರದರ್ಶಕ ಎಲ್ಲವನ್ನೂ ತಲೆಕೆಳಗೆ ತೋರಿಸುತ್ತದೆಂದು ಅವರಿಗೆ ಗೊತ್ತಿತ್ತಲ್ಲ! ವಿದ್ಯಾವಂತರಂತೆ ಅದನ್ನು ತಿರುಗಿಸಿದರು. ಮಗಳು ಮೊಬೈಲಿನಲ್ಲೇ ಒಮ್ಮೆ ತಿರುಗಿಸಿಟ್ಟಿದ್ದಳು ಎನ್ನುವುದನ್ನು ಮಾತ್ರ ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ.

ಆಮೇಲೆ ಚಂದ್ರನ ನಕ್ಷೆ ಬಿಡಿಸಿ ಕೂತರೆ ಒಂದಕ್ಕೊಂದು ತಾಳೆಯಿಲ್ಲ. ನಕ್ಷೆಯಲ್ಲಿ ಗುಂಡಿಗಳು, ಫೋಟೋದಲ್ಲಿ ಒಂದರ ಪಕ್ಕ ಒಂದು ಮೂರು ಬೆಟ್ಟಗಳು, ಕೈಯಿಟ್ಟರೆ ತಾಗುವಷ್ಟು ಉಬ್ಬಿಕೊಂಡಿವೆ. ಬೇರೆಯವರಾಗಿದ್ದರೆ ತಮ್ಮ ಮೇಲೆ ಅನುಮಾನ ಪಡುತ್ತಿದ್ದರು. ಯಜಮಾನರು ನಕ್ಷೆಯ ಮೇಲೆ ಪಟ್ಟರು. ನಕ್ಷೆ ಬರೆದವರ ಕಣ್ಣಿಗೇ ಬೀಳದ ಬೆಟ್ಟಗಳಿವು ಎಂದು ತೀರ್ಮಾನಿಸಿ ನಾಮಕರಣಕ್ಕೇ ಇಳಿದರು. ಎಲ್ಲಕ್ಕಿಂತ ದೊಡ್ಡದಕ್ಕೆ, ನೆತ್ತಿ ಮಟ್ಟಸವಾಗಿ ಬೋಳಾಗಿದ್ದದ್ದಕ್ಕೆ, ಮಾವನವರ ಹೆಸರು. ನಡುವಿನದಕ್ಕೆ ಅತ್ತೆಯವರದು. ಸಣ್ಣದಕ್ಕೆ ಭಾಮೈದನದು.

“ಯಾರಿಗಾದ್ರೂ ಒಂದ್ಸಲ ತೋರಿಸಿ, ಆಮೇಲೆ ದೊಡ್ಡದು ಮಾಡಿಸಿ,” ಎಂದರು ಹೆಂಡತಿ.

“ಊರಿನವರಿಗೆಲ್ಲ ನೋಡೋದಕ್ಕೆ ಕಲಿಸಿದವನು ನಾನು. ನಾನು ಯಾರಿಗೆ ತೋರಿಸಲಿ?”

ಬಾಗಿಲಷ್ಟೆತ್ತರದ ಪಟವಾಯಿತು. ಹೆಸರುಗಳ ಚೀಟಿ ಅಂಟಿದವು. ಪಟ ಗ್ರಂಥಾಲಯದ ಗೋಡೆಗೇರಿತು. ಸುದ್ದಿ ಮುಟ್ಟಿದ್ದೇ ತಡ, ಮಾವನವರು ಭಾನುವಾರ ಬೆಳಿಗ್ಗೆ ಒಬ್ಬರೇ ಬರಲಿಲ್ಲ; ಜೊತೆಗೆ ಆರು ಮಂದಿ ನಿವೃತ್ತ ಸರ್ವೇಯರುಗಳನ್ನು ಕರೆತಂದರು. ತಮ್ಮ ಹೆಸರಿನ ಬೆಟ್ಟ ನೋಡಬೇಕಲ್ಲ! ಯಜಮಾನರ ಎದೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತು.

ಮಾವನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಪಟಕ್ಕೆ ಮೂಗು ತಾಗಿಸಿ ಎರಡು ನಿಮಿಷ ನಿಂತರು.

“ಅಳಿಯಂದ್ರೇ, ಚಂದ್ರನ ಬೆಳಗಿದ ಅಂಚು ಕೆಳಗಡೆ ಇದೆ. ಅಂದ್ರೆ ಬಿಸಿಲು ಬರ್ತಿರೋದು ಕೆಳಗಿನಿಂದ. ಬೆಟ್ಟ ಆಗಿದ್ರೆ ಕೆಳಗಿನ ಮಗ್ಗುಲು ಹೊಳೀಬೇಕು. ಇಲ್ಲಿ ಮೇಲಿನದು ಹೊಳೀತಿದೆಯಲ್ಲ?”

ಉತ್ತರಕ್ಕೆ ಕಾಯದೆ ಪಟವನ್ನು ಮೊಳೆಯಿಂದ ಇಳಿಸಿ, ತಲೆಕೆಳಗು ಮಾಡಿ ಗೋಡೆಗೆ ಒರಗಿಸಿದರು. ನೋಡನೋಡುತ್ತಿದ್ದಂತೆಯೇ ಮೂರು ಬೆಟ್ಟಗಳೂ ಗುಳುಕ್ಕನೆ ಒಳಗಿಳಿದು ಗುಂಡಿಗಳಾದವು! ಪಕ್ಕದಲ್ಲಿ ನಕ್ಷೆ ಹಿಡಿದರೆ ಅಚ್ಚಿಗೆ ಅಚ್ಚು: ಟಾಲೆಮೇಯಸ್, ಅಲ್ಫಾನ್ಸಸ್, ಅರ್ಜಾಕೆಲ್. ಮುನ್ನೂರು ವರ್ಷಕ್ಕೂ ಹಿಂದೆಯೇ ಹೆಸರಿಟ್ಟಾಗಿದ್ದ ಗುಂಡಿಗಳು. ಅವುಗಳ ಮೇಲೆ ಅತ್ತೆ, ಮಾವ, ಭಾಮೈದ ಮೂವರೂ ಶೀರ್ಷಾಸನ ಹಾಕಿದ್ದರು.

ಯಜಮಾನರಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಮಾವನವರು ಮಾತ್ರ ಪಟ ಬಿಟ್ಟು ಕದಲಲಿಲ್ಲ. ಗುಂಡಿಯೊಳಗಿನ ನೆರಳನ್ನು ಬೆರಳಿನಿಂದ ಸವರಿ, ಈ ಗಾಜು ಉಜ್ಜಿದ್ದು ನೀವೇನಾ ಎಂದು ಕೇಳಿದರು. ಯಜಮಾನರು ಹೌದೆಂದು ತಲೆಯಾಡಿಸಿದರು.

“ಇಷ್ಟು ಸ್ಪಷ್ಟವಾದ ಅಂಚನ್ನ ನಾನು ಭೂಮಿ ಮೇಲೂ ನೋಡಿಲ್ಲ. ಶಹಬ್ಬಾಸ್,” ಎಂದು ಬೆನ್ನು ತಟ್ಟಿದರು.

ಇಪ್ಪತ್ತೆರಡು ವರ್ಷದ ಬಾಕಿ ಒಂದೇ ಏಟಿಗೆ ತೀರಿತು! ಯಜಮಾನರ ಕಣ್ಣು ತುಂಬಿ ಬಂತು. ಹೆಂಡತಿಯ ಮುಖದಲ್ಲೂ ಹೆಮ್ಮೆ ತುಳುಕಿತು. ನೋಡಿ, ನಮ್ಮನೆಯವರು ಎಂಬಂತೆ ಆ ಆರು ಮಂದಿಯತ್ತ ತಿರುಗಿದರು.

ಆಗ ಮಾವನವರು ಕೈಯಲ್ಲಿದ್ದ ಕನ್ನಡಕವನ್ನು ಮೆಲ್ಲಗೆ ಮುಂದೆ ಚಾಚಿದರು.

“ಇದೂ ನಿಮ್ಮ ಕೈಯದೇ. ಮೂರು ತಿಂಗಳಿಂದ ಪೇಪರನ್ನ ತಲೆಗಿಂತ ಮೇಲೆ ಹಿಡಿದು ಓದ್ತಿದ್ದೀನಿ. ವಯಸ್ಸಾಯ್ತು ಅಂದ್ಕೊಂಡಿದ್ದೆ. ಈ ಪಟ ನೋಡಿದ ಮೇಲೆ ಯಾಕೋ ಅನುಮಾನ.”

ಯಜಮಾನರು ಕನ್ನಡಕವನ್ನು ಬೆಳಕಿಗೆ ಹಿಡಿದರು. ಕೆಳಗಿರಬೇಕಾದ ಓದುವ ಗಾಜು ಎರಡು ಕಣ್ಣಿಗೂ ಮೇಲುಗಡೆ ಕೂತಿತ್ತು.